ರಸ್ತೆಯ ಹೆಸರಿನ ಹಿಂದಿನ ಮನುಷ್ಯ: ವಿಠ್ಠಲ್ ಮಲ್ಯ

ಬೆಂಗಳೂರಿನ ವಿಠ್ಠಲ್ ಮಲ್ಯ ರಸ್ತೆಯಲ್ಲಿ ನೀವು ಒಂದಲ್ಲ ಒಂದು ಸಲ ಓಡಾಡಿರ್ತೀರಿ. ಯುಬಿ ಸಿಟಿ ಮುಂದೆ ನಿಂತು ಸೆಲ್ಫಿಯನ್ನೂ ತೆಗೆದುಕೊಂಡಿರ್ತೀರಿ. ಮೊದಲು ಅದಕ್ಕೆ ಗ್ರಾಂಟ್ ರೋಡ್ ಅಂತ ಹೆಸರಿತ್ತು. ಮಲ್ಯ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮಗ. ಅಪ್ಪ ಯಾರು ಅಂತ ನಮ್ಮ ಕ್ಲಾಸಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಸ್ವಲ್ಪ ದಿನದ ಹಿಂದಿನವರೆಗೆ ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ನಮ್ಮ ಕಾಕಾನಿಂದ. ದೀಪಾವಳಿಗೆ ಅಮೀನಗಡಕ್ಕೆ ಹೋದಾಗ ಕಾಕಾ ನನ್ನ ಪಕ್ಕಕ್ಕೆ ಕರೆದರು. ಅವರ ಗೆಳೆಯರೊಬ್ಬರು ರಿಟೈರ್ ಆಗ್ತಿದ್ದಾರೆ, ಅವರಿಗೆ ಒಂದು ಒಳ್ಳೆ ಸಿಂಗಲ್ ಮಾಲ್ಟ್ ಕೊಡಬೇಕು, ಆದರೆ ಭಾಳ ರೊಕ್ಕ ಇಲ್ಲ, ಯಾವುದು ತಗೊಳ್ಳಲಿ ಅಂತ ಕೇಳಿದರು. ಎಂಜಿನಿಯರಿಂಗ್ ಓದೋ ಹುಡುಗನಿಗೆ ಎಲ್ಲಾ ಗೊತ್ತಿರ್ತದ ಅನ್ನೋದು ಅವರ ನಂಬಿಕೆ. ನನಗಿನ್ನೂ ಕುಡಿಯೋ ವಯಸ್ಸೇ ಆಗಿಲ್ಲ! ಆದರೂ ಹುಡುಕಿದೆ. ಸಿಂಗಲ್ ಮಾಲ್ಟ್ ಅಂದ್ರೆ ಏನು ಅಂತ ತಿಳಿಯೋಕೆ ಹೋದರೆ, ಮೊದಲು ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರೋದು ಏನು ಅಂತ ತಿಳಿಯಬೇಕಾಯಿತು. ಆ ಕಥೆಯ ನಡುವೆ ವಿಠ್ಠಲ್ ಮಲ್ಯ ನಿಂತಿದ್ದರು.

ವಿಠ್ಠಲ್ ಮಲ್ಯ ಹುಟ್ಟಿದ್ದು 1924ರ ಫೆಬ್ರವರಿ 8ರಂದು, ಢಾಕಾದಲ್ಲಿ. ಮನೆತನ ದಕ್ಷಿಣ ಕನ್ನಡದ ಬಂಟ್ವಾಳದ್ದು, ಮನೆಮಾತು ಕೊಂಕಣಿ. ತಂದೆ ಬಂಟ್ವಾಳ ಗಣಪತಿ ಮಲ್ಯ ಸೈನ್ಯದಲ್ಲಿ ಡಾಕ್ಟರ್. ಹೀಗಾಗಿ ಮಗನ ಬಾಲ್ಯ ಊರಿಂದ ದೂರ ಕಳೆಯಿತು. ಡೂನ್ ಸ್ಕೂಲಿನಲ್ಲಿ ಓದಿದರು, ಆಮೇಲೆ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜು. ಅಪ್ಪನ ಹಾಗೆ ಡಾಕ್ಟರ್ ಆಗಲಿಲ್ಲ, ಸರ್ಕಾರಿ ನೌಕರಿಯನ್ನೂ ಹಿಡಿಯಲಿಲ್ಲ. ಅವರ ಕಣ್ಣು ಇದ್ದದ್ದು ಷೇರು ಮಾರುಕಟ್ಟೆ ಮೇಲೆ.

ಆಗ ದಕ್ಷಿಣ ಭಾರತದಲ್ಲಿ ಯುನೈಟೆಡ್ ಬ್ರೂವರೀಸ್ ಅನ್ನೋ ಬ್ರಿಟಿಷರ ಕಂಪನಿ ಇತ್ತು. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು 1915ರಲ್ಲಿ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಕಟ್ಟಿದ್ದು. ಬ್ರಿಟಿಷ್ ಸೈನಿಕರೇ ಅದರ ದೊಡ್ಡ ಗಿರಾಕಿಗಳು. 1946-47ರ ಹೊತ್ತಿಗೆ ಆ ಸೈನಿಕರು ಗಂಟುಮೂಟೆ ಕಟ್ತಾ ಇದ್ದರು. ಇನ್ನೊಂದು ಕಡೆ ಪಾನನಿಷೇಧದ ಗಾಳಿ ಬೀಸ್ತಿತ್ತು. ಇಂಥ ಕಂಪನಿಯ ಷೇರು ಯಾರಿಗೆ ಬೇಕು? ಮಲ್ಯರಿಗೆ ಬೇಕಿತ್ತು. ಸದ್ದಿಲ್ಲದೆ ಕೊಳ್ಳುತ್ತಾ ಹೋದರು. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರ್ ಆದರು, ಮರುವರ್ಷ ಚೇರ್ಮನ್. ಆಗ ವಯಸ್ಸು 24. ನಾವು ಆ ವಯಸ್ಸಿಗೆ ಬ್ಯಾಕ್‌ಲಾಗ್ ಕ್ಲಿಯರ್ ಮಾಡಿದ್ರೆ ಸಾಕು.

1948ರಲ್ಲಿ ಮದರಾಸು ರಾಜ್ಯ ಪೂರ್ತಿ ಪಾನನಿಷೇಧಕ್ಕೆ ಒಳಪಟ್ಟಿತು. 1949ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ತಂದಿತು. ಸಂವಿಧಾನದ 47ನೇ ವಿಧಿಯಲ್ಲೂ ಪಾನನಿಷೇಧದ ಆಶಯ ಸೇರಿತು. ನಮ್ಮ ಅಮೀನಗಡ ಆಗ ಬಿಜಾಪುರ ಜಿಲ್ಲೆ, ಮುಂಬಯಿ ರಾಜ್ಯ. ಅಂದ್ರೆ ಕಾಗದದ ಮೇಲೆ ನಮ್ಮೂರೂ ಒಣ ಊರು. ಇಂಥ ಕಾಲದಲ್ಲಿ ಮದ್ಯದ ಕಂಪನಿ ಇಟ್ಟುಕೊಂಡವರು ಮಾರಿ ಓಡಬೇಕು. ಮಲ್ಯ ಉಲ್ಟಾ ಮಾಡಿದರು. ಬೇರೆಯವರು ಹೆದರಿ ಮಾರಿದಾಗ ಅಗ್ಗದಲ್ಲಿ ಕೊಂಡರು. ನಿಷೇಧ ಶಾಶ್ವತ ಅಲ್ಲ, ಸರ್ಕಾರಕ್ಕೆ ಅಬಕಾರಿ ದುಡ್ಡು ಬೇಕೇ ಬೇಕಾಗ್ತದೆ ಅನ್ನೋದು ಅವರ ಲೆಕ್ಕ. 1960ರ ದಶಕದ ಕೊನೆಗೆ ಮೈಸೂರು ರಾಜ್ಯ ನಿಷೇಧ ಕೈಬಿಟ್ಟಾಗ ಆ ಲೆಕ್ಕ ಸರಿ ಬಂತು.

1951ರಲ್ಲಿ ಮೆಕ್‌ಡೊವೆಲ್ ಕಂಪನಿಯನ್ನು ಕೊಂಡರು. 1826ರಲ್ಲಿ ಮದರಾಸಿನಲ್ಲಿ ಶುರುವಾಗಿದ್ದ ಇದು ಹೊರದೇಶದಿಂದ ಮದ್ಯ, ಸಿಗಾರ್ ತರಿಸಿ ಮಾರುವ ಕಂಪನಿ. 1952ರಲ್ಲಿ ಯುಬಿ ಕಚೇರಿ ಬೆಂಗಳೂರಿಗೆ ಬಂತು. ನಮ್ಮ ಹಾಸ್ಟೆಲ್ ಮೆಸ್ಸಿನ ಕಿಸಾನ್ ಜಾಮ್ ಕೂಡ ಒಂದು ಕಾಲಕ್ಕೆ ಅವರದೇ ಗುಂಪಿನಲ್ಲಿತ್ತು.

1950ರ ದಶಕದ ಕೊನೆಗೆ ದೇಶದಲ್ಲಿ ವಿದೇಶಿ ವಿನಿಮಯದ ಕೊರತೆ ಬಂತು, ಆಮದಿಗೆ ಕಡಿವಾಣ ಬಿತ್ತು. ತರಿಸಿ ಮಾರೋ ಕಂಪನಿ ಇನ್ನೇನು ಮಾಡಬೇಕು? ಇಲ್ಲೇ ತಯಾರಿಸಬೇಕು. 1959ರಲ್ಲಿ ಕೇರಳದ ಚೇರ್ತಲದಲ್ಲಿ ಮೆಕ್‌ಡೊವೆಲ್‌ನ ಮೊದಲ ಡಿಸ್ಟಿಲರಿ ಶುರುವಾಯಿತು. 1968ರಲ್ಲಿ ನಂಬರ್ 1 ವಿಸ್ಕಿ ಬಂತು.

ಇಲ್ಲಿ ನಮ್ಮ ಸಬ್ಜೆಕ್ಟ್ ಸ್ವಲ್ಪ ಬೇಕು. ಸಿಂಗಲ್ ಮಾಲ್ಟ್ ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮಾತ್ರ ಬಳಸಿ, ಒಂದೇ ಡಿಸ್ಟಿಲರಿಯಲ್ಲಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು. ಹಂಡೆಯಲ್ಲಿ ಒಂದೊಂದೇ ಬ್ಯಾಚ್ ಇಳಿಸೋದರಿಂದ ಧಾನ್ಯದ ಪರಿಮಳ ಉಳೀತದೆ. ನಮ್ಮಲ್ಲಿ ಅಗ್ಗಕ್ಕೆ ಸಿಗೋ ವಿಸ್ಕಿಗಳಲ್ಲಿ ಹೆಚ್ಚಿನವಕ್ಕೆ ಮೂಲ ಕಾಕಂಬಿ, ಅಂದ್ರೆ ಸಕ್ಕರೆ ಕಾರ್ಖಾನೆಯಲ್ಲಿ ಕೊನೆಗೆ ಉಳಿಯೋ ಕಪ್ಪು ಪಾಕ. ಮುಧೋಳ, ಜಮಖಂಡಿ ಕಡೆಯವರಿಗೆ ಅದರ ವಾಸನೆ ವಿವರಿಸಬೇಕಾಗಿಲ್ಲ. ಅದನ್ನು ಹುಳಿ ಬರಿಸಿ ಎತ್ತರದ ಕಾಲಮ್‌ನಲ್ಲಿ ನಿಲ್ಲಿಸದೆ ಬಟ್ಟಿ ಇಳಿಸಿದರೆ ಸುಮಾರು 96 ಶೇಕಡಾದ ಆಲ್ಕೋಹಾಲ್ ಬರ್ತದೆ. ಅಜಿಯೋಟ್ರೋಪ್ ಓದಿದವರಿಗೆ ಅಲ್ಲೇ ಯಾಕೆ ನಿಲ್ತದೆ ಅಂತ ಗೊತ್ತು. ಅಷ್ಟು ಶುದ್ಧವಾದ ಮೇಲೆ ರುಚಿ, ವಾಸನೆ ಏನೂ ಇರಲ್ಲ. ಅದಕ್ಕೆ ಸ್ವಲ್ಪ ಮಾಲ್ಟ್ ಸ್ಪಿರಿಟ್, ಬಣ್ಣ, ನೀರು ಸೇರಿಸಿ 42.8 ಶೇಕಡಾಕ್ಕೆ ಇಳಿಸಿದರೆ ಬಾಟಲಿ ರೆಡಿ. ಯುರೋಪಿನಲ್ಲಿ ಇದನ್ನು ವಿಸ್ಕಿ ಅಂತ ಮಾರುವ ಹಾಗಿಲ್ಲ, ಅಲ್ಲಿ ಧಾನ್ಯದಿಂದಲೇ ಮಾಡಿರಬೇಕು. ನಮ್ಮ ಕಾನೂನು ಅದನ್ನು ಒಪ್ಪಿತು.

ಇದು ಮೋಸವಾ? ಅಂಟೂ ಇಲ್ಲದೆ, ಬಾದಾಮಿ ಗೋಡಂಬಿಯೂ ಇಲ್ಲದೆ ಬರೀ ಬೆಲ್ಲದ ಪಾಕಕ್ಕೆ ಎಸೆನ್ಸ್ ಹಾಕಿ ಕರದಂಟು ಅಂತ ಕೊಟ್ಟರೆ ಅಮೀನಗಡದ ಮಂದಿ ಸುಮ್ಮನೆ ಬಿಡ್ತಾರಾ? ನಾನು ಮೊದಲು ಹೀಗೇ ಯೋಚಿಸಿದೆ. ಆಮೇಲೆ 1981ರ ಜುಲೈ ಬಗ್ಗೆ ಓದಿದೆ. ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ಸುಮಾರು 300 ಜನ ಸತ್ತರು. ಸತ್ತವರು ಬಡವರು. ಅವರ ಮುಂದೆ ಇದ್ದ ಪ್ರಶ್ನೆ ಸಿಂಗಲ್ ಮಾಲ್ಟಾ ಕಾಕಂಬಿಯಾ ಅನ್ನೋದಲ್ಲ, ಬದುಕಿರ್ತೀವಾ ಇಲ್ವಾ ಅನ್ನೋದು. ಸೀಲ್ ಇರೋ, ಪ್ರತಿ ಸಲ ಒಂದೇ ಥರ ಇರೋ ಬಾಟಲಿಯನ್ನು ಸಾಮಾನ್ಯ ಜನರ ಹತ್ತಿರಕ್ಕೆ ತಂದವರಲ್ಲಿ ಮಲ್ಯ ದೊಡ್ಡವರು. ಅದೇ ಬಾಟಲಿ ಎಷ್ಟೋ ಮನೆಗಳ ಸಂಬಳ ನುಂಗಿದ್ದೂ ನಿಜ. ಎರಡನ್ನೂ ಬರೆಯದಿದ್ದರೆ ಈ ಲೇಖನ ಅರ್ಧ ಆಗ್ತದೆ.

ಇಷ್ಟೆಲ್ಲಾ ಕಟ್ಟಿದ ಮನುಷ್ಯ ಪ್ರಚಾರದಿಂದ ದೂರ ಇದ್ದರು. ಖರ್ಚಿನಲ್ಲಿ ಕಟ್ಟುನಿಟ್ಟು, ಬ್ಯಾಲೆನ್ಸ್ ಶೀಟ್ ಓದೋದರಲ್ಲಿ ನಿಪುಣರು ಅಂತ ಹೆಸರು. 1977ರಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿ ಮತ್ತೆ ಪಾನನಿಷೇಧದ ಮಾತು ಎದ್ದಾಗಲೂ ಅವರು ವ್ಯಾಪಾರ ಬಿಡಲಿಲ್ಲ. 1983ರ ಅಕ್ಟೋಬರ್ 13ರಂದು ಹೃದಯಾಘಾತದಿಂದ ತೀರಿಕೊಂಡರು. 59 ವರ್ಷ. 27 ವರ್ಷದ ಮಗನ ಕೈಗೆ ಎಲ್ಲಾ ಬಂತು. ಮುಂದಿನದು ನಿಮಗೇ ಗೊತ್ತು.

ಹಾಗಾದ್ರೆ ಕಾಕಾನ ಪ್ರಶ್ನೆ? ಉತ್ತರ ಅದೇ ಬೆಂಗಳೂರಿನಲ್ಲಿತ್ತು. ಮಲ್ಯ ಚೇರ್ಮನ್ ಆದ 1948ರಲ್ಲೇ ರಾಧಾಕೃಷ್ಣ ಜಗದಾಳೆ ಎಂಬುವರು ಅಮೃತ್ ಡಿಸ್ಟಿಲರೀಸ್ ಶುರು ಮಾಡಿದ್ದರು. 1976ರಲ್ಲಿ ಅವರು ತೀರಿಕೊಂಡ ಮೇಲೆ ಮಗ ನೀಲಕಂಠ ರಾವ್ 1980ರ ದಶಕದಲ್ಲಿ ಬಾರ್ಲಿ ಮಾಲ್ಟ್ ಇಳಿಸೋಕೆ ಶುರು ಮಾಡಿದರು. ಮೊದಲು ಅದು ಬೇರೆ ವಿಸ್ಕಿಗೆ ಬೆರೆಸೋಕೆ. ಮಿಕ್ಕು ಉಳಿದದ್ದನ್ನು 2004ರಲ್ಲಿ ಸಿಂಗಲ್ ಮಾಲ್ಟ್ ಆಗಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮಾರೋಕೆ ಇಟ್ಟರು. 2010ರಲ್ಲಿ ವಿಮರ್ಶಕ ಜಿಮ್ ಮರ್ರಿ ಅದರ ಫ್ಯೂಷನ್‌ಗೆ 100ಕ್ಕೆ 97 ಕೊಟ್ಟರು.

ಕಾಕಾನಿಗೆ ನಾನು ಹೇಳಿದ್ದು ಮೂರೇ ಮಾತು. ಒಂದು, ಲೇಬಲ್ ಮೇಲೆ ಸಿಂಗಲ್ ಮಾಲ್ಟ್ ಅನ್ನೋ ಎರಡೂ ಪದ ಒಟ್ಟಿಗೆ ಇರಬೇಕು, ಬರೀ ಮಾಲ್ಟ್ ಅಥವಾ ಪ್ರೀಮಿಯಂ ಅಂತಿದ್ರೆ ಸಾಲದು. ಎರಡು, ವರ್ಷದ ನಂಬರ್ ನೋಡಿ ಮರುಳಾಗಬೇಡಿ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾದರೆ ಬೆಂಗಳೂರಿನಲ್ಲಿ 10 ಶೇಕಡಾ ದಾಟ್ತದೆ. ಇಲ್ಲಿ ಬೇಗ ಹಣ್ಣಾಗ್ತದೆ, ನಾಲ್ಕೈದು ವರ್ಷ ಸಾಕು. ಮೂರು, ಹೊರದೇಶದ ಬಾಟಲಿ ಮೇಲೆ ವರ್ಷಗಟ್ಟಲೆ 150 ಶೇಕಡಾ ಕಸ್ಟಮ್ಸ್ ಸುಂಕ ಇತ್ತು. ಅಂಥದಕ್ಕೆ ಕೊಟ್ಟ ರೊಕ್ಕದಲ್ಲಿ ದೊಡ್ಡ ಪಾಲು ಹೋಗೋದು ಸುಂಕಕ್ಕೆ, ರುಚಿಗಲ್ಲ. ಅದಕ್ಕೇ ಕಡಿಮೆ ಬಜೆಟ್‌ಗೆ ನಮ್ಮಲ್ಲೇ ಮಾಡಿದ ಸಿಂಗಲ್ ಮಾಲ್ಟ್ ವಾಸಿ.

ಕಾಕಾ ಅದನ್ನೇ ತಗೊಂಡರು, ಜೊತೆಗೆ ಅರ್ಧ ಕೆಜಿ ಕರದಂಟು. ಮಲ್ಯರ ಕಾಲದಲ್ಲಿ ಬಾಟಲಿಯೊಳಗೆ ಏನಿದೆ ಅಂತ ಕೇಳುವವರು ಕಡಿಮೆ ಇದ್ದರು. ಈಗ ನಮ್ಮೂರಿನ ಕಾಕಾ ಕೂಡ ಕೇಳ್ತಾರೆ. ಮುಂದಿನ ಸಲ ಆ ರಸ್ತೆಯ ಬೋರ್ಡ್ ನೋಡಿದಾಗ ನೀವೂ ಒಂದು ನಿಮಿಷ ಅಪ್ಪನ ಕಥೆ ನೆನಪಿಸಿಕೊಳ್ಳಿ.