ಗಂಟು ಕಟ್ಟದ ಗಂಗರಾಜ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಹೊಟ್ಟೆ ಕಟ್ಟಿ ಕಾಸು ಕೂಡಿಟ್ಟರೂ ಅಷ್ಟೇ, ಕುಡಿಕೆ ತುಂಬೋದಿಲ್ಲ. ಸಂಪಾದನೆಯೇ ಹೆಚ್ಚಬೇಕು. ಇದಕ್ಕೆ ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿಯಲ್ಲಿ ಕಲ್ಲಿನ ಸಾಕ್ಷಿ ಇದೆ.

ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರನ್ನು ಓಡಿಸಿ ತಲಕಾಡು ಗೆದ್ದುಕೊಟ್ಟ. ಏನು ಬೇಕೆಂದು ದೊರೆ ಕೇಳಿದಾಗ ಗೋವಿಂದವಾಡಿ ಪಡೆದು, ಶ್ರವಣಬೆಳಗೊಳದ ಗೊಮ್ಮಟನಿಗೆ ಬಿಟ್ಟ. ಕಣ್ಣೇಗಾಲದಲ್ಲಿ ಚಾಲುಕ್ಯರ ದಂಡಿನ ಮೇಲೆ ರಾತ್ರೋರಾತ್ರಿ ಬಿದ್ದು, ಸಿಕ್ಕಿದ ಸರಕು, ವಾಹನವನ್ನೆಲ್ಲ ದೊರೆಗೇ ಒಪ್ಪಿಸಿದ. ಈ ಸಲ ಸಿಕ್ಕಿದ್ದು ಪರಮ ಗ್ರಾಮ. ಅದೂ 1118ರಲ್ಲಿ ತಾಯಿ ಪೋಚಲದೇವಿ, ಮಡದಿ ಲಕ್ಷ್ಮೀದೇವಿ ಕಟ್ಟಿಸಿದ ಬಸದಿಗಳಿಗೆ ಹೋಯಿತು. ಗೊಮ್ಮಟನ ಸುತ್ತಾಲಯ ಕಟ್ಟಿಸಿದ, ಗಂಗವಾಡಿಯ ಪಾಳುಬಸದಿಗಳನ್ನು ರಿಪೇರಿ ಮಾಡಿಸಿದ.

ಜುಗ್ಗನಾಗಿದ್ದರೆ ಮೊದಲ ಊರಿನ ಹುಟ್ಟುವಳಿ ಎಣಿಸಿಕೊಂಡು ಮನೇಲೇ ಕೂರುತ್ತಿದ್ದ. ಇವನು ಕೊಟ್ಟು ಕೈ ಖಾಲಿ ಮಾಡಿಕೊಂಡ, ಮತ್ತೆ ದಂಡಿಗೆ ಹೊರಟ, ಮತ್ತೆ ಗಳಿಸಿದ.

ಅವನು ತೀರಿದ ಮೇಲೆ, 1133ರಲ್ಲಿ, ಮಗ ಬೊಪ್ಪ ಅಪ್ಪನ ನೆನಪಿಗೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅಪ್ಪನ ಬಿರುದಾದ ದ್ರೋಹಘರಟ್ಟ ಎಂಬುದನ್ನೇ ಅದಕ್ಕೆ ಹೆಸರಿಟ್ಟ.

ಹೊಯ್ಸಳರು ಕೂಡಿಟ್ಟ ಬೊಕ್ಕಸ 1311ರಲ್ಲಿ ಮಲಿಕ್ ಕಾಫರನ ಪಾಲಾಯಿತು. ಬಸದಿಯ ಕಪ್ಪುಕಂಬ ಮಾತ್ರ ಅಲ್ಲೇ ಇದೆ. ಹತ್ತಿರ ನಿಂತರೆ ಇವತ್ತಿಗೂ ಮುಖ ಕಾಣುತ್ತೆ.