ಪೀಪಾಯಿ ಹಲಗೆಯ ಕಾಲು

ನಾವು ನಾಲ್ವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿಗಳು. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಬೀದಿಗೆ ಪೇಪರ್ ಹಾಕುತ್ತಿದ್ದ ಅಣ್ಣ. ಲಾರಿ ಅಪಘಾತದಲ್ಲಿ ಅವರ ಬಲಗಾಲು ಮಂಡಿಯಿಂದ ಕೆಳಗೆ ಹೋಗಿತ್ತು. ಶಿಬಿರವೊಂದರಲ್ಲಿ ಸಿಕ್ಕ ಕೃತಕ ಕಾಲು ಹಾಕಿಕೊಂಡು ಚೆನ್ನಾಗಿಯೇ ನಡೆಯುತ್ತಿದ್ದರು. ಆದರೆ ಸೈಕಲ್ ತುಳಿಯಲು ಆಗುತ್ತಿರಲಿಲ್ಲ. ಸೈಕಲ್ ಇಲ್ಲದೆ ಪೇಪರ್ ಲೈನ್ ಇಲ್ಲ, ಲೈನ್ ಇಲ್ಲದೆ ಸಂಪಾದನೆ ಇಲ್ಲ.

ಅವರಿಗೆ ಸೈಕಲ್ ತುಳಿಯುವ ಕಾಲು ಮಾಡಿಕೊಡೋಣ ಎಂದು ಹೊರಟೆವು. ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು ಪಾದದ ವಿನ್ಯಾಸ ಮಾಡಿದೆವು. ಸ್ಪ್ರಿಂಗ್ ಇಟ್ಟೆವು, ಪೆಡಲ್ ಮೇಲೆ ಜಾರದಂಥ ತಳ ಕೂರಿಸಿದೆವು, ತೂಕ ಇಳಿಸಿದೆವು. ಪರೀಕ್ಷೆ ಮಾಡಿದ ದಿನ ಅಣ್ಣ ಸೀಟಿನ ಮೇಲೆ ಕೂತು ಎರಡು ಸುತ್ತು ತುಳಿದರು. ಅಷ್ಟಕ್ಕೇ ಮುಖ ಕಿವುಚಿಕೊಂಡು ಇಳಿದುಬಿಟ್ಟರು.

ಪೆಡಲ್ ಮೇಲಕ್ಕೆ ಬಂದಾಗ ಮಂಡಿ ನಡೆಯುವಾಗಿನದಕ್ಕಿಂತ ಬಹಳ ಹೆಚ್ಚು ಮಡಚಬೇಕು. ಉಳಿದ ಕಾಲನ್ನು ಒಳಗೆ ಹಿಡಿದುಕೊಳ್ಳುವ ಬಟ್ಟಲಿಗೆ ಸಾಕೆಟ್ ಎನ್ನುತ್ತಾರೆ. ಅದರ ಹಿಂದಿನ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತಿ ಕೊಯ್ಯುತ್ತಿತ್ತು. ಅಂದರೆ ತೊಂದರೆ ಪಾದದಲ್ಲಿ ಇರಲೇ ಇಲ್ಲ. ಇದು ಅಣ್ಣನಿಗೆ ಮೊದಲಿನಿಂದಲೂ ಗೊತ್ತಿತ್ತು. ನಾವು ಕೇಳಿರಲಿಲ್ಲ. ಓದುವ ಹುಡುಗರು, ಅವರಿಗೆ ತಿಳಿದಿರುತ್ತದೆ ಎಂದುಕೊಂಡು ಅವರೂ ಸುಮ್ಮನಿದ್ದರು.

ಅವತ್ತು ನಮ್ಮ ಗೈಡ್ ಸರ್ ಬೈಯಲಿಲ್ಲ. ಜೇಮ್ಸ್ ಎಡ್ವರ್ಡ್ ಹ್ಯಾಂಗರ್ ಎಂಬಾತನ ಬಗ್ಗೆ ಓದಿಕೊಂಡು ಬರಲು ಹೇಳಿದರು. ಕೃತಕ ಕಾಲಿನ ಇತಿಹಾಸದಲ್ಲಿ ದೊಡ್ಡ ಹೆಸರು ಅದು. ನಾನು ಮಾತ್ರ ಅದನ್ನು ಅವತ್ತೇ ಮೊದಲು ಕೇಳಿದ್ದು.

ಹ್ಯಾಂಗರ್ ಹುಟ್ಟಿದ್ದು 1843ರ ಫೆಬ್ರುವರಿ 25ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಚರ್ಚ್‌ವಿಲ್ ಬಳಿ. ಲೆಕ್ಸಿಂಗ್ಟನ್ ಊರಿನ ವಾಷಿಂಗ್ಟನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಹೊರಬಂದ ದಕ್ಷಿಣದ ರಾಜ್ಯಗಳು ಒಂದು ಕಡೆ, ಉತ್ತರದ ರಾಜ್ಯಗಳು ಇನ್ನೊಂದು ಕಡೆ. ಹ್ಯಾಂಗರ್‌ನ ಅಣ್ಣಂದಿರು ಆಗಲೇ ದಕ್ಷಿಣದ ಸೈನ್ಯ ಸೇರಿದ್ದರು. ಹದಿನೆಂಟರ ಹುಡುಗ ಕಾಲೇಜು ಬಿಟ್ಟು ಅವರ ಹಿಂದೆ ಹೊರಟ. ಅವನು ನಿಂತ ಪಕ್ಷ ತಪ್ಪು ಪಕ್ಷ. ಅವನ ಮುಂದಿನ ಕೆಲಸವನ್ನು ಮೆಚ್ಚುವಾಗಲೂ ಅದನ್ನು ಮರೆಯಬಾರದು.

ಅವನ ಸೈನಿಕ ಜೀವನ ಎರಡು ದಿನವೂ ಇರಲಿಲ್ಲ. ಜೂನ್ 2ರಂದು ಫಿಲಿಪ್ಪಿ ಎಂಬ ಊರಿನಲ್ಲಿ ಕುದುರೆ ಪಡೆಗೆ ಸೇರಿದ. ಮರುದಿನ ಬೆಳಗಿನ ಜಾವವೇ ಉತ್ತರದ ಪಡೆ ಫಿರಂಗಿ ಹಾರಿಸಿತು. ತನ್ನ ಕುದುರೆ ತರಲು ಲಾಯದ ಒಳಗೆ ಹೋಗಿದ್ದಾಗ ಆರು ಪೌಂಡಿನ ಗುಂಡೊಂದು ನೆಲಕ್ಕೆ ಬಡಿದು ಪುಟಿದು ಅವನ ಎಡಗಾಲಿಗೆ ಅಪ್ಪಳಿಸಿತು. ಜೊತೆಯವರು ಹಿಮ್ಮೆಟ್ಟಿ ಹೋಗಿದ್ದರು. ಒಬ್ಬನೇ ಬಿದ್ದಿದ್ದವನನ್ನು ಕೆಲವು ಗಂಟೆಗಳ ನಂತರ ಪತ್ತೆ ಮಾಡಿದ್ದು ಶತ್ರು ಸೈನಿಕರು. ಕಾಲು ಕತ್ತರಿಸಿ ಜೀವ ಉಳಿಸಿದ್ದೂ ಶತ್ರು ಪಡೆಯ ವೈದ್ಯರೇ, ಒಹಾಯೊದ ಡಾ. ಜೇಮ್ಸ್ ರಾಬಿಸನ್. ಲಾಯದ ಬಾಗಿಲೊಂದನ್ನು ಕಳಚಿ ಅದನ್ನೇ ಮೇಜಿನಂತೆ ಬಳಸಿ ಶಸ್ತ್ರಚಿಕಿತ್ಸೆ ನಡೆಯಿತು. ಮಂಡಿಗಿಂತ ಸಾಕಷ್ಟು ಮೇಲೆ, ಸೊಂಟದಿಂದ ಸುಮಾರು ಏಳು ಇಂಚು ಕೆಳಗೆ ಕಾಲು ಹೋಯಿತು. ಆ ಯುದ್ಧದಲ್ಲಿ ಅಂಗ ಕತ್ತರಿಸಿದ ಮೊದಲ ಪ್ರಕರಣ ಇದೇ ಎಂದು ಇತಿಹಾಸದಲ್ಲಿ ದಾಖಲಾಗಿದೆ. ಯುದ್ಧ ಮುಗಿಯುವ ಹೊತ್ತಿಗೆ ಇಂಥ ಶಸ್ತ್ರಚಿಕಿತ್ಸೆಗಳು ಸುಮಾರು 60,000 ಆಗಿದ್ದವು.

ಸೆರೆಯಾಳಾಗಿದ್ದ ಹ್ಯಾಂಗರ್‌ಗೆ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಊರಿಗೆ ಬಂದಾಗ ಅವನಿಗಿದ್ದದ್ದು ಒಂದು ಗೂಟದಂಥ ಮರದ ಕಾಲು. ಅದು ಮಡಚುತ್ತಿರಲಿಲ್ಲ. ಮಂಡಿಯೇ ಇಲ್ಲದವನಿಗೆ ಮಡಚದ ಕಾಲು ಎಂದರೆ ಕೂತಾಗ ಕೋಲಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತದೆ, ನಡೆದಾಗ ಪ್ರತಿ ಹೆಜ್ಜೆಗೂ ಸೊಂಟ ಎತ್ತಿ ಕಾಲನ್ನು ಬೀಸಿ ಹಾಕಬೇಕಾಗುತ್ತದೆ.

ಹ್ಯಾಂಗರ್ ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಹುಡುಗ ನೊಂದಿದ್ದಾನೆ, ಒಂಟಿಯಾಗಿರಲಿ ಎಂದು ಮನೆಯವರು ಅವನ ಪಾಡಿಗೆ ಬಿಟ್ಟರು. ಅವನು ಪೀಪಾಯಿಯ ಹಲಗೆಗಳನ್ನು ತರಿಸಿಕೊಂಡಾಗ ಯಾಕೆಂದು ಅವರಿಗೆ ತಿಳಿಯಲಿಲ್ಲ. ಅವನು ಒಳಗೆ ಮರ ಕೆತ್ತುತ್ತಿದ್ದ. ಹಾಕಿಕೊಂಡು ನೋಡುವುದು, ಒತ್ತಿದ ಕಡೆ ಹೆರೆಯುವುದು, ಮತ್ತೆ ಹಾಕಿಕೊಳ್ಳುವುದು. ನವೆಂಬರ್‌ನಲ್ಲಿ ಒಂದು ದಿನ ಕೋಣೆಯ ಬಾಗಿಲು ತೆರೆದು, ಮೆಟ್ಟಿಲಿಳಿದು, ಎರಡು ಕಾಲಿನ ಮೇಲೆ ನಡೆದುಕೊಂಡು ಮನೆಯವರ ಮುಂದೆ ಬಂದು ನಿಂತ.

ಆ ಕಾಲಿನಲ್ಲಿ ಏನಿತ್ತು? ಮಂಡಿಯ ಬಳಿ ಒಂದು ಕೀಲು, ಪಾದದ ಬಳಿ ಇನ್ನೊಂದು ಕೀಲು. ಮಡಚುವ ಕೃತಕ ಕಾಲುಗಳು ಅದಕ್ಕೂ ಮೊದಲೇ ಇದ್ದವು. ಆದರೆ ಅವುಗಳಲ್ಲಿ ಪಾದವನ್ನು ಎಳೆದು ಹಿಡಿಯಲು ಪ್ರಾಣಿಗಳ ಕರುಳಿನಿಂದ ಹೊಸೆದ ದಾರ ಬಳಸುತ್ತಿದ್ದರು. ಹ್ಯಾಂಗರ್ ಮುಂದೆ ಬೆಳೆಸಿದ ವಿನ್ಯಾಸದಲ್ಲಿ ಅದರ ಬದಲು ರಬ್ಬರ್ ತುಂಡುಗಳು ಬಂದವು. ಹಿಮ್ಮಡಿ ನೆಲಕ್ಕೆ ತಾಗಿದಾಗ ರಬ್ಬರ್ ಅದುಮಿಕೊಂಡು ಪೆಟ್ಟನ್ನು ನುಂಗುತ್ತದೆ, ಆಮೇಲೆ ತಾನಾಗಿಯೇ ಹಿಗ್ಗಿ ಪಾದವನ್ನು ಮೊದಲಿನ ಜಾಗಕ್ಕೆ ತರುತ್ತದೆ. ಉಪಾಯ ಸರಳ, ಬೆಂಚಿನ ಮುಂದೆ ಕೂತು ಮಾಡಬಹುದಾದ ಕೆಲಸ.

ಅಕ್ಕಪಕ್ಕದ ಗಾಯಾಳು ಸೈನಿಕರು ತಮಗೂ ಬೇಕೆಂದು ಬಂದರು. ವರ್ಜೀನಿಯಾ ಸರ್ಕಾರ ತನ್ನ ಸೈನಿಕರಿಗೆ ಕಾಲು ಮಾಡಿಕೊಡುವ ಕೆಲಸವನ್ನು ಅವನಿಗೇ ವಹಿಸಿತು. 1863ರಲ್ಲಿ ದಕ್ಷಿಣದ ಸರ್ಕಾರ ಅವನಿಗೆ ಪೇಟೆಂಟ್ ಕೊಟ್ಟಿತು. ಯುದ್ಧ ಮುಗಿದು ಆ ಸರ್ಕಾರವೇ ಇಲ್ಲವಾದ ಮೇಲೆ, 1871ರಲ್ಲಿ ಅಮೆರಿಕ ಸರ್ಕಾರದ ಪೇಟೆಂಟ್ ಪಡೆದ. ಪದವಿ ಮುಗಿಸದ ಹುಡುಗ ಹೀಗೆ ತನ್ನ ಉದ್ಯೋಗವನ್ನು ತಾನೇ ಕಟ್ಟಿಕೊಂಡ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. 1873ರಲ್ಲಿ ನೋರಾ ಮೆಕಾರ್ಥಿಯನ್ನು ಮದುವೆಯಾದ. ಎಂಟು ಮಕ್ಕಳ ತಂದೆಯಾದ. ಕಂಪನಿಯನ್ನು ರಾಜಧಾನಿ ವಾಷಿಂಗ್ಟನ್‌ಗೆ ಒಯ್ದ. ಗಂಡುಮಕ್ಕಳೂ ಅದೇ ಕೆಲಸಕ್ಕೆ ಇಳಿದರು. ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒರಗಿ ಕೂರಲು ಹೊಂದಿಸಿಕೊಳ್ಳಬಹುದಾದ ಕುರ್ಚಿ, ಕೃತಕ ಕಾಲು ಕೆತ್ತಲು ಬೇಕಾದ ಲೇತ್, ನೀರಿನ ಟರ್ಬೈನ್, ಹೀಗೆ ಏನಾದರೂ ಮಾಡುತ್ತಲೇ ಇದ್ದ. 1905ರಲ್ಲಿ ನಿವೃತ್ತನಾದ. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಯುವಕರು ಕೈಕಾಲು ಕಳೆದುಕೊಳ್ಳತೊಡಗಿದಾಗ, ಎಪ್ಪತ್ತು ದಾಟಿದ್ದ ಹ್ಯಾಂಗರ್ 1915ರಲ್ಲಿ ಹಡಗು ಹತ್ತಿ ಅಲ್ಲಿಗೆ ಹೋದ. ಅಲ್ಲಿನ ಹೊಸ ವಿಧಾನಗಳನ್ನು ನೋಡಿ ಕಲಿತ. ಇಂಗ್ಲೆಂಡ್, ಫ್ರಾನ್ಸ್ ದೇಶಗಳ ಸೈನಿಕರಿಗೆ ಕಾಲು ತಯಾರಿಸುವ ಗುತ್ತಿಗೆ ಕಂಪನಿಗೆ ಸಿಕ್ಕಿತು. 1919ರ ಜೂನ್ 9ರಂದು ತೀರಿಕೊಂಡಾಗ ಲಂಡನ್, ಪ್ಯಾರಿಸ್‌ನಲ್ಲೂ ಶಾಖೆಗಳಿದ್ದವು.

ಇಷ್ಟು ಓದಿದ ಮೇಲೆ ಸರ್ ಯಾಕೆ ಈ ಹೆಸರು ಕೊಟ್ಟರು ಎಂದು ಅರ್ಥವಾಯಿತು. ಹ್ಯಾಂಗರ್‌ಗೆ ಸೈಕಲ್ ಕಾಲಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅವನು ಪೀಪಾಯಿ ಹಲಗೆ ಕೆತ್ತಿದಾಗ ನಾವು ಓಡಿಸುವಂಥ ಸೈಕಲ್ ಹುಟ್ಟಿಯೇ ಇರಲಿಲ್ಲ. ಸಮ ಅಳತೆಯ ಎರಡು ಚಕ್ರ, ಚೈನ್ ಇರುವ ಸೈಕಲ್ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದದ್ದು 1885ರ ಸುಮಾರಿಗೆ. ಆದರೆ ಕಾಲು ಎಲ್ಲಿ ಒತ್ತುತ್ತದೆ ಎಂಬುದು ಅವನಿಗೆ ಕ್ಷಣಕ್ಷಣಕ್ಕೂ ಗೊತ್ತಾಗುತ್ತಿತ್ತು, ಏಕೆಂದರೆ ಒತ್ತುತ್ತಿದ್ದದ್ದು ಅವನ ತೊಡೆಗೇ. ನಮಗೆ ಆ ಅನುಕೂಲ ಇರಲಿಲ್ಲ. ಎರಡೂ ಕಾಲಿರುವ ನಾವು ಕೇಳಿಯೇ ತಿಳಿಯಬೇಕಿತ್ತು.

ಮರುದಿನ ಲ್ಯಾಪ್‌ಟಾಪ್ ಬಿಟ್ಟು ಅಣ್ಣನ ಮನೆ ಜಗಲಿಯಲ್ಲಿ ಕೂತೆವು. ಬರೀ ಕೇಳಿದೆವು, ಅವರು ಹೇಳುತ್ತಾ ಹೋದರು. ಅವರ ಮಾತಿನಿಂದಲೇ ಕೆಲಸ ಬದಲಾಯಿತು. ಕೃತಕ ಕಾಲು ತಯಾರಿಸುವ ತಂತ್ರಜ್ಞರೊಬ್ಬರನ್ನು ಹುಡುಕಿ ಸಾಕೆಟ್‌ನ ಹಿಂದಿನ ಅಂಚನ್ನು ತಗ್ಗಿಸಿಸಿದೆವು. ಬಲಗಡೆಯ ಪೆಡಲ್ ಹಿಡಿದಿರುವ ಕ್ರ್ಯಾಂಕ್ ಅನ್ನು ಗಿಡ್ಡ ಮಾಡಿದೆವು. ಪೆಡಲ್ ತಿರುಗುವ ಸುತ್ತು ಚಿಕ್ಕದಾದರೆ ಮಂಡಿ ಅಷ್ಟು ಮಡಚಬೇಕಿಲ್ಲ. ಸೀಟು ಸ್ವಲ್ಪ ಎತ್ತರಿಸಿದೆವು. ನಮ್ಮ ಸ್ಪ್ರಿಂಗ್ ಪಾದವನ್ನು ಅವರು ಬೇಡವೆಂದರು. ತುಳಿದ ಬಲವನ್ನೆಲ್ಲ ಅದೇ ತಿಂದುಹಾಕುತ್ತಿತ್ತು. ಅದನ್ನು ಕಳಚಿ ಗಟ್ಟಿ ಪಾದ ಹಾಕಿದೆವು. ಮೂರು ತಿಂಗಳ ಶ್ರಮ ಶೆಲ್ಫ್ ಸೇರಿತು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪ್ರಾಜೆಕ್ಟ್‌ಗೆ ನಮಗೆ ಅತಿ ಹೆಚ್ಚು ಅಂಕ ಬರಲಿಲ್ಲ. ಹೊಸ ಆವಿಷ್ಕಾರ ಏನಿದೆ ಎಂದು ಪರೀಕ್ಷಕರು ಕೇಳಿದಾಗ ತೋರಿಸಲು ನಮ್ಮ ಬಳಿ ಗಿಡ್ಡ ಕ್ರ್ಯಾಂಕ್ ಮತ್ತು ತಗ್ಗಿಸಿದ ಒಂದು ಅಂಚು ಮಾತ್ರ ಇತ್ತು. ಈಗ ಕೆಲಸ ಹುಡುಕುತ್ತಿದ್ದೇನೆ. ಸಂದರ್ಶನಗಳಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದರೆ ಮೊದಲು ನಮ್ಮ ತಪ್ಪನ್ನೇ ಹೇಳುತ್ತೇನೆ.

ಅಣ್ಣ ಸದ್ಯಕ್ಕೆ ಪೂರ್ತಿ ಲೈನ್ ಹಾಕುತ್ತಿಲ್ಲ. ಏರು ಇಲ್ಲದ ಎರಡು ಬೀದಿ ಮಾತ್ರ. ಅದರಲ್ಲಿ ನಮ್ಮದೂ ಒಂದು. ಬೆಳಿಗ್ಗೆ ಗೇಟಿನ ಬಳಿ ಬೆಲ್ ಕೇಳಿಸಿದರೆ ನಾನೇ ಎದ್ದು ಹೋಗುತ್ತೇನೆ. ಪೇಪರ್ ಈಸಿಕೊಳ್ಳುವ ಮೊದಲು, ಕಾಲು ಇವತ್ತು ಎಲ್ಲಾದರೂ ಒತ್ತುತ್ತಿದೆಯಾ ಎಂದು ಕೇಳುತ್ತೇನೆ.