ಒಂದಕ್ಷರ ತಪ್ಪಿದ ಮಗೀ

ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿ ಮುದ್ರಣವಾದರೆ ಏನೇನು ಪಾಡು ಪಡಬೇಕು ಎಂಬುದು ಕೆಲಸ ಹುಡುಕುತ್ತಿರುವ ನಮಗೆಲ್ಲ ಗೊತ್ತು. ಅರ್ಜಿ, ಅಫಿಡವಿಟ್, ಕಚೇರಿಯಿಂದ ಕಚೇರಿಗೆ ಅಲೆದಾಟ. ಅಂಥದ್ದೇ ಒಂದಕ್ಷರದ ತಪ್ಪು ನೂರು ವರ್ಷಗಳ ಹಿಂದೆ ಅಮೆರಿಕದ ಬೇಸ್‌ಬಾಲ್ ಆಟಗಾರನೊಬ್ಬನ ಹೆಸರಿನಲ್ಲೂ ನುಸುಳಿತ್ತು. ಆ ತಪ್ಪು ಇರುವ ಪುಟ್ಟ ಕಾರ್ಡು ಇಂದು ಲಕ್ಷಗಟ್ಟಲೆ ರೂಪಾಯಿ ಬೆಲೆ ಬಾಳುತ್ತದೆ. ಆದರೆ ಅದೇ ಆಟಗಾರ ಮೈದಾನದಲ್ಲಿ ತಾನೇ ಮಾಡಿದ ತಪ್ಪಿಗೆ ತೆತ್ತ ಬೆಲೆ ಬೇರೆಯೇ.

ಅವನ ಹೆಸರು ಶೆರ್ವುಡ್ ಮಗೀ. 1884ರ ಆಗಸ್ಟ್ 6ರಂದು ಪೆನ್ಸಿಲ್ವೇನಿಯಾ ರಾಜ್ಯದ ಕ್ಲಾರೆಂಡನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. 1904ರಲ್ಲಿ, ಇನ್ನೂ 20 ತುಂಬುವ ಮೊದಲೇ, ಫಿಲಡೆಲ್ಫಿಯಾದ ಫಿಲೀಸ್ ತಂಡ ಸೇರಿ ನ್ಯಾಷನಲ್ ಲೀಗ್‌ನಲ್ಲಿ ಆಡತೊಡಗಿದ. ಎಡಬದಿಯ ಫೀಲ್ಡರ್, ಬಿರುಸಿನ ಓಟಗಾರ, ನೆಚ್ಚಬಹುದಾದ ಬ್ಯಾಟುಗಾರ. ಜನ ಅವನನ್ನು ಶೆರಿ ಎಂದೇ ಕರೆಯುತ್ತಿದ್ದರು. ಅವನಲ್ಲಿ ಒಂದೇ ಊನ, ಮೂಗಿನ ತುದಿಯಲ್ಲೇ ಸಿಟ್ಟು.

ಆ ಕಾಲದಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು ಪ್ಯಾಕುಗಳಲ್ಲಿ ಆಟಗಾರರ ಬಣ್ಣದ ಚಿತ್ರ ಇಟ್ಟು ಮಾರುತ್ತಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ರಟ್ಟಿನ ಕಾರ್ಡು ಅದು. 1909ರಿಂದ 1911ರವರೆಗೆ ಬಂದ ಈ ಸರಣಿಯನ್ನು ಸಂಗ್ರಹಕಾರರು ಈಗ ಟಿ-206 ಎಂದು ಕರೆಯುತ್ತಾರೆ. ಅದರಲ್ಲಿ 500ಕ್ಕೂ ಹೆಚ್ಚು ಬಗೆಯ ಕಾರ್ಡುಗಳಿವೆ.

ಇವನ್ನು ಅಚ್ಚು ಹಾಕುತ್ತಿದ್ದುದು ಕಲ್ಲಚ್ಚಿನ ವಿಧಾನದಲ್ಲಿ. ಪ್ರತಿಯೊಂದು ಬಣ್ಣಕ್ಕೂ ಬೇರೆ ಅಚ್ಚು. ಹಳದಿ, ಕೆಂಪು, ನೀಲಿ, ಕಪ್ಪು ಹೀಗೆ ಒಂದರ ಮೇಲೊಂದು ಶಾಯಿ ಬಿದ್ದಾಗಲೇ ಮುಖಕ್ಕೆ ಕಳೆ ಬರುತ್ತಿತ್ತು. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ತುಟಿ ಒಂದು ಕಡೆ, ಅದರ ಕೆಂಪು ಇನ್ನೊಂದು ಕಡೆ. ಕೆಂಪು ಶಾಯಿಯ ಸರದಿಯೇ ತಪ್ಪಿದರೆ ಆಟಗಾರ ಕಾಯಿಲೆಯಿಂದ ಎದ್ದು ಬಂದವನಂತೆ ಬಿಳಿಚಿಕೊಂಡಿರುತ್ತಿದ್ದ. ಬಾಸ್ಟನ್ ತಂಡದ ಸ್ವೀನಿಯ ಕೆಲವು ಕಾರ್ಡುಗಳಲ್ಲಿ ಅಂಗಿಯ ಮೇಲಿನ ‘ಬಿ’ ಅಕ್ಷರವೇ ಮಾಯ. ಸ್ನಾಡ್‌ಗ್ರಾಸ್ ಎಂಬಾತನ ಕೆಲವು ಕಾರ್ಡುಗಳಲ್ಲಿ ಹೆಸರಿನ ಮೊದಲಕ್ಷರ ಅಳಿಸಿಹೋಗಿ ಆತ ಬರೀ ‘ನಾಡ್‌ಗ್ರಾಸ್’ ಆಗಿದ್ದಾನೆ.

ನಮ್ಮ ಮಗೀಯ ಸರದಿ ಬಂದಾಗ ಚಿತ್ರ ಚೆನ್ನಾಗಿಯೇ ಮೂಡಿತು. ಆದರೆ ಕೆಳಗೆ ಕಂದು ಶಾಯಿಯಲ್ಲಿ ಹೆಸರು ಹಾಕುವಾಗ ನಾಲ್ಕನೇ ಅಕ್ಷರ ‘ಇ’ ಇರಬೇಕಾದ ಕಡೆ ‘ಐ’ ಬಿತ್ತು. ಕನ್ನಡದಲ್ಲಿ ಬರೆದರೆ ಎರಡೂ ಮಗೀ ಎಂದೇ ಆಗುತ್ತದೆ, ವ್ಯತ್ಯಾಸವೇ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅದು ಎದ್ದು ಕಾಣುವ ತಪ್ಪು. ಅಚ್ಚುಕೂಟದವರು ಬೇಗನೆ ಎಚ್ಚೆತ್ತು ತಿದ್ದಿದರು. ಹಾಗಾಗಿ ಸರಿ ಹೆಸರಿನ ಕಾರ್ಡುಗಳು ಹೆಚ್ಚು, ತಪ್ಪು ಹೆಸರಿನವು ಬಹಳ ಕಡಿಮೆ. ಅಪರೂಪವಾದ್ದರಿಂದಲೇ ಆ ತಪ್ಪಿಗೆ ಈಗ ಅಷ್ಟು ಬೆಲೆ.

ಕಾರ್ಡು ಜನರ ಕೈಯಲ್ಲಿ ಓಡಾಡುತ್ತಿದ್ದ ಹೊತ್ತಿಗೇ ಮಗೀ ಆಟದ ತುತ್ತತುದಿ ಮುಟ್ಟಿದ. ಹೋನಸ್ ವ್ಯಾಗ್ನರ್ ಎಂಬ ದಿಗ್ಗಜ 1906ರಿಂದ ನಾಲ್ಕು ವರ್ಷ ಸತತವಾಗಿ ಲೀಗ್‌ನ ಬ್ಯಾಟಿಂಗ್ ಪಟ್ಟವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1910ರಲ್ಲಿ .331 ಸರಾಸರಿಯೊಂದಿಗೆ ಆ ಪಟ್ಟ ಮಗೀಯ ಪಾಲಾಯಿತು. ಆ ವರ್ಷ ಅವನ ಹೊಡೆತಗಳಿಂದ ತಂಡಕ್ಕೆ ಬಂದ ರನ್‌ಗಳು 123. ಅದರಲ್ಲೂ ಲೀಗ್‌ಗೆ ಅವನೇ ಮೊದಲಿಗ.

ಮರುವರ್ಷ, 1911ರ ಜುಲೈ 10. ಎದುರಾಳಿ ಸೇಂಟ್ ಲೂಯಿಸ್. ಅಂಪೈರ್ ಬಿಲ್ ಫಿನ್ನೆರನ್ ಮೂರನೇ ಸ್ಟ್ರೈಕ್ ಎಂದು ತೀರ್ಪು ಕೊಟ್ಟ, ಮಗೀ ಔಟ್. ಬೇಸತ್ತ ಮಗೀ ಬ್ಯಾಟನ್ನು ಮೇಲಕ್ಕೆ ಎಸೆದ. ಅಂಪೈರ್ ಅವನನ್ನು ಮೈದಾನದಿಂದ ಹೊರಗೆ ಕಳಿಸಿದ. ಸಿಟ್ಟು ನೆತ್ತಿಗೇರಿದ ಮಗೀ ನುಗ್ಗಿ ಬಂದು ಒಂದು ಗುದ್ದು ಕೊಟ್ಟ. ಫಿನ್ನೆರನ್ ನೆಲಕ್ಕುರುಳಿದ.

ಆ ಋತು ಮುಗಿಯುವವರೆಗೆ ಆಡುವಂತಿಲ್ಲ, ಜತೆಗೆ 200 ಡಾಲರ್ ದಂಡ ಎಂದು ಲೀಗ್ ಆದೇಶಿಸಿತು. ಮೇಲ್ಮನವಿಯ ನಂತರ ಸುಮಾರು ಐದು ವಾರಕ್ಕೆ ನಿಷೇಧ ತೆರವಾಯಿತು. ಅಷ್ಟರಲ್ಲಿ ಪಟ್ಟಿಯ ಮೇಲ್ತುದಿಯಲ್ಲಿ ಸೆಣಸುತ್ತಿದ್ದ ಫಿಲೀಸ್ ಹಿಂದೆ ಬಿದ್ದು, ಕೊನೆಗೆ ನಾಲ್ಕನೇ ಸ್ಥಾನಕ್ಕಿಳಿಯಿತು. ಒಬ್ಬನ ಒಂದು ಗಳಿಗೆಯ ಸಿಟ್ಟಿಗೆ ಇಡೀ ತಂಡ ಬೆಲೆ ತೆತ್ತಿತು.

ಆಮೇಲೂ ಅವನು ಚೆನ್ನಾಗಿಯೇ ಆಡಿದ. 1914ರಲ್ಲಿ ತಂಡದ ನಾಯಕನಾದ. ಮ್ಯಾನೇಜರ್ ಹುದ್ದೆ ತೆರವಾದಾಗ ಅದು ತನಗೇ ಸಿಗಬಹುದೆಂದು ಕಾದ. ಸಿಕ್ಕಿದ್ದು ಪ್ಯಾಟ್ ಮೊರಾನ್‌ಗೆ. ಮಗೀಯನ್ನು ಬಾಸ್ಟನ್ ತಂಡಕ್ಕೆ ಕಳಿಸಲಾಯಿತು. ಮರುವರ್ಷವೇ, ಅವನಿಲ್ಲದ ಫಿಲೀಸ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಲೀಗ್ ಗೆದ್ದಿತು. 11 ವರ್ಷ ದುಡಿದ ಮನೆಯ ಹಬ್ಬವನ್ನು ಬೀದಿಯಲ್ಲಿ ನಿಂತು ನೋಡಿದಂತೆ.

ಮುಂದೆ ಅವನು ಸಿನ್ಸಿನಾಟಿ ತಂಡ ಸೇರಿದ. 1919ರಲ್ಲಿ ಅಲ್ಲಿಗೆ ಮ್ಯಾನೇಜರ್ ಆಗಿ ಬಂದವನು ಅದೇ ಪ್ಯಾಟ್ ಮೊರಾನ್. ಅವನ ಕೈಕೆಳಗೆ ಆಡಿದ ಮಗೀ, ಆ ವರ್ಷದ ವಿಶ್ವ ಸರಣಿಯಲ್ಲಿ ಬದಲಿ ಬ್ಯಾಟುಗಾರನಾಗಿ ಎರಡು ಬಾರಿ ಕಣಕ್ಕಿಳಿದ. ತಂಡ ಗೆದ್ದಿತು. ದೊಡ್ಡ ಲೀಗ್‌ನಲ್ಲಿ ಅವನ ಕೊನೆಯ ವರ್ಷ ಅದು. ಹೊತ್ತಿಗೆ 2,000ಕ್ಕೂ ಹೆಚ್ಚು ಹಿಟ್‌ಗಳು ಅವನ ಲೆಕ್ಕದಲ್ಲಿದ್ದವು. ನಂತರ ವರ್ಷಗಟ್ಟಲೆ ಸಣ್ಣ ಲೀಗ್‌ಗಳಲ್ಲಿ ಆಡಿದ.

ವಯಸ್ಸು 40 ದಾಟಿತು, ಬ್ಯಾಟು ಕೆಳಗಿಡಬೇಕಾಯಿತು. ಮುಂದೆ ಹೊಟ್ಟೆಪಾಡಿಗೆ ಅವನು ಆರಿಸಿಕೊಂಡ ಕೆಲಸ ಅಂಪೈರ್‌ನದು! 1927ರಲ್ಲಿ ಸಣ್ಣ ಲೀಗ್‌ನಲ್ಲಿ ಶುರುಮಾಡಿ ಕೆಲಸ ಕಲಿತ. 1928ರಲ್ಲಿ ನ್ಯಾಷನಲ್ ಲೀಗ್ ಅವನನ್ನು ತೆಗೆದುಕೊಂಡಿತು. ಅಂಪೈರ್ ಮೇಲೆ ಕೈ ಮಾಡಿದ್ದಕ್ಕೆ ಯಾವ ಲೀಗ್ ಅವನನ್ನು ಹೊರಗಿಟ್ಟಿತ್ತೋ, ಅದೇ ಲೀಗ್‌ನ ತೀರ್ಪುಗಾರನಾಗಿ, ಸಿಟ್ಟಿನ ಹುಡುಗರ ಎದುರು ಅವನು ನಿಂತ. ಎದುರಿನವನ ಕೂಗಾಟ ಕೇಳಿಯೂ ತಾಳ್ಮೆಯಿಂದಿರುವುದು ಈಗ ಅವನ ಕೆಲಸವೇ ಆಗಿತ್ತು.

ಆದರೆ ಮುಂದಿನ ಋತು ನೋಡಲು ಅವನಿರಲಿಲ್ಲ. ನ್ಯುಮೋನಿಯಾ ತಗುಲಿ 1929ರ ಮಾರ್ಚ್ 13ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡ. ವಯಸ್ಸು 44.

ಅಚ್ಚಿನ ತಪ್ಪನ್ನು ತಿದ್ದಲು ಅಚ್ಚುಕೂಟದವರಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಒಂದಕ್ಷರ ಬದಲಿಸಿದರು, ಮುಗಿಯಿತು. ಆ ಗುದ್ದಿನಿಂದ ಅಂಪೈರ್‌ನ ಜಾಗಕ್ಕೆ ಬಂದು ನಿಲ್ಲಲು ಮಗೀಗೆ 17 ವರ್ಷ ಬೇಕಾಯಿತು. ಸಂಗ್ರಹಕಾರರು ಇಂದಿಗೂ ಹುಡುಕುವುದು ತಪ್ಪು ಅಚ್ಚಾದ ಮಗೀಯನ್ನು. ಒಮ್ಮೆ ಎಡವಿ, ಮುಂದೇನು ಎಂದು ಕುಳಿತಿರುವ ನಮ್ಮ ವಯಸ್ಸಿನವರು ಹುಡುಕಬೇಕಾದದ್ದು ಮಾತ್ರ 43ರ ಹರೆಯದಲ್ಲಿ ಹೊಸ ಕೆಲಸ ಕಲಿತು ಮೈದಾನಕ್ಕೆ ಮರಳಿದ ಆ ಇನ್ನೊಬ್ಬ ಮಗೀಯನ್ನು.